ಪಡುಬಿದ್ರಿ ದಾಟಿದರೆ ಸಾಕು, ಶುರು

ನಾನು ಕಾಪುವಿನಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವವಳು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ, ಅದೇ ದಾರಿ. ಎರಡು ವರ್ಷದ ಹಿಂದೆ, ನನಗೆ 46 ಆಗಿದ್ದಾಗ, ಹೊಸ ಕಾಟ ಒಂದು ಶುರುವಾಯಿತು. ಬಸ್ಸು ಪಡುಬಿದ್ರಿ ದಾಟಿತು ಅಂದರೆ ಸಾಕು, ಒಂದಕ್ಕೆ ಹೋಗಬೇಕು ಅನ್ನಿಸುತ್ತಿತ್ತು. ಮನೆಯಿಂದ ಹೊರಡುವಾಗ ಹೋಗಿಯೇ ಬಂದಿರುತ್ತಿದ್ದೆ, ಇಪ್ಪತ್ತು ನಿಮಿಷವೂ ಆಗಿರುತ್ತಿರಲಿಲ್ಲ. ಹೆಜಮಾಡಿ ಟೋಲ್‌ನಲ್ಲಿ ಬಸ್ಸು ನಿಂತರೆ ಕಾಲು ಹೆಣೆದು ಕೂರುತ್ತಿದ್ದೆ. ಮೂಲ್ಕಿ ಸೇತುವೆ ಮೇಲಿಂದ ಶಾಂಭವಿ ಹೊಳೆಯ ನೀರು ಕಂಡರಂತೂ ಕತೆ ಮುಗಿಯಿತು.

ಮಳೆಗಾಲದ ಒಂದು ದಿನ ಕುಳೂರು ಸೇತುವೆ ಹತ್ತಿರ ಟ್ರಾಫಿಕ್ ಜಾಮ್ ಆಯಿತು. ಸೀಟಿನಲ್ಲೇ ಸ್ವಲ್ಪ ಹೋಯಿತು. ಪುಣ್ಯಕ್ಕೆ ಮಳೆ, ಎಲ್ಲರ ಬಟ್ಟೆಯೂ ಒದ್ದೆ ಇತ್ತು. ಅವತ್ತಿನಿಂದ ಕಪ್ಪು ಚೂಡಿದಾರ್ ಬಿಟ್ಟು ಬೇರೆ ಹಾಕಲಿಲ್ಲ, ಬ್ಯಾಗಿನಲ್ಲಿ ಒಂದು ಜೊತೆ ಒಳಬಟ್ಟೆ, ಮತ್ತೆ ಯಾರಿಗೂ ಹೇಳಲಿಲ್ಲ.

ನೀರು ಕುಡಿಯುವುದನ್ನೂ ಬಿಟ್ಟೆ. ಬೆಳಿಗ್ಗೆ ಒಂದು ಕಾಫಿ, ಮಧ್ಯಾಹ್ನದವರೆಗೆ ಮತ್ತೇನಿಲ್ಲ. ನಮ್ಮೂರಿನ ಸೆಕೆಯಲ್ಲಿ, ಬೆವರು ಸುರಿಯುವ ಏಪ್ರಿಲ್‌ನಲ್ಲಿ, ಹೀಗೆ ಮಾಡಿದರೆ ಮೂತ್ರ ಗಟ್ಟಿಯಾಗಿ ಹಳದಿ ತಿರುಗುತ್ತದೆ, ಅದೇ ಮೂತ್ರಚೀಲವನ್ನು ಇನ್ನಷ್ಟು ಕೆಣಕುತ್ತದೆ. ಇದು ಗೊತ್ತಾಗಿದ್ದು ಆಮೇಲೆ.

ಉರಿಯೂ ಇದ್ದ ಕಾರಣ ಮೊದಲು ಹೋದ ಕ್ಲಿನಿಕ್ಕಿನಲ್ಲಿ ಉರಿಮೂತ್ರ ಅಂತ ಆಂಟಿಬಯಾಟಿಕ್ ಕೊಟ್ಟರು. ಎಂಟು ತಿಂಗಳಲ್ಲಿ ಮೂರು ಸಲ. ಒಂದು ಸಲವೂ ಯೂರಿನ್ ಕಲ್ಚರ್ ಮಾಡಿಸಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕನೇ ಸಲ ಉಡುಪಿಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರ ಹತ್ತಿರ ಹೋದೆ. ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯವೂ ಬೆಳೆಯಲಿಲ್ಲ. ಸಕ್ಕರೆ ಸರಿ ಇತ್ತು. ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್ ಮಾಡಿ ನೋಡಿದರು, ಅದೂ ಸರಿ. ರಕ್ತ ಹೋಗುತ್ತದಾ, ಜ್ವರ ಬಂದು ಬೆನ್ನು ನೋಯುತ್ತದಾ ಅಂತ ಎರಡೆರಡು ಸಲ ಕೇಳಿದರು. ಅದಿದ್ದರೆ ದಾರಿಯೇ ಬೇರೆ, ತಡ ಮಾಡಬಾರದಂತೆ.

ಮತ್ತೆ ಅವರು ಹೇಳಿದ್ದು, ಮೂರು ದಿನ ಎಲ್ಲ ಅಳೆದು ಬರೆದು ತನ್ನಿ ಅಂತ.

ಅಳೆಯುವುದು ಅಂದರೆ ನಿಜವಾಗಿ ಅಳೆಯುವುದು, ಮಾರಾಯ್ರೆ. ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಜಗ್ಗು ಒಂದನ್ನು ಬಚ್ಚಲಲ್ಲಿ ಇಟ್ಟೆ. ಎಷ್ಟು ಗಂಟೆಗೆ ಹೋದೆ, ಎಷ್ಟು ಎಂಎಲ್, ಏನು ಕುಡಿದೆ, ಸೋರಿತಾ, ಸೋರಿದರೆ ಏನು ಮಾಡುವಾಗ. ಶುಕ್ರವಾರ ರಜೆ ಹಾಕಿ ಶನಿವಾರ, ಭಾನುವಾರ ಸೇರಿಸಿ ಬರೆದೆ. ಒಂದು ದಿನ 14 ಸಲ ಹೋಗಿದ್ದೆ. ಹೆಚ್ಚಿನ ಸಲ 80, 100 ಎಂಎಲ್, ಅಂದರೆ ಅರ್ಧ ಲೋಟ. ದೊಡ್ಡವರ ಮೂತ್ರಚೀಲ ಸಾಧಾರಣ 300ರಿಂದ 500 ಎಂಎಲ್ ಹಿಡಿಯುತ್ತದೆ. ಆದರೆ ಬೆಳಿಗ್ಗೆ ಎದ್ದಾಗ ನನ್ನದೂ 380 ಇತ್ತು! ಹಾಗಾದರೆ ಚೀಲಕ್ಕೆ ಜಾಗ ಉಂಟು. ಅದು ಸುಳ್ಳು ಹೇಳುತ್ತಾ ಇದೆ, ನಾನು ನಂಬಿ ಓಡುತ್ತಾ ಇದ್ದೇನೆ.

ಇನ್ನೊಂದೂ ಗೊತ್ತಾಯಿತು. ನನ್ನ ಸೋರಿಕೆ ಎರಡು ಥರದ್ದು. ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡಪಾನ ಎತ್ತಿದಾಗ ಹನಿ ಬೀಳುವುದು ಒಂದು. ಅದು ಚೀಲವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯು ಸಡಿಲ ಆದದ್ದರಿಂದ. ಗೇಟಿನ ಬೀಗಕ್ಕೆ ಕೀ ಹಾಕುವಾಗ ತಡೆಯಲಾಗದೆ ಹೋಗುವುದು ಇನ್ನೊಂದು. ಅದು ಚೀಲ ತುಂಬುವ ಮೊದಲೇ ಹಿಂಡಿಕೊಳ್ಳುವುದರಿಂದ. ಎರಡೂ ಒಟ್ಟಿಗೆ ಇರುವವರು ತುಂಬಾ ಮಂದಿ ಇದ್ದಾರಂತೆ. ಮದ್ದು ಮಾತ್ರ ಒಂದೇ ಅಲ್ಲ.

ಮೊದಲು ಕಾಫಿ ಕಡಿಮೆ ಮಾಡಿದೆ. ನಾಲ್ಕಿದ್ದದ್ದು ಒಂದಾಯಿತು, ಮೂರು ದಿನ ತಲೆನೋವು ಬಂತು, ಹೋಯಿತು. ಸಂಜೆಗೆ ಕಾಫಿ ಬದಲು ಜೀರಿಗೆ ಕಷಾಯ. ನೀರು ಮತ್ತೆ ಆರೇಳು ಲೋಟ, ಆದರೆ ರಾತ್ರಿ ಎಂಟರ ಮೇಲೆ ಬಾಯಿ ಒದ್ದೆ ಮಾಡುವಷ್ಟು ಮಾತ್ರ. ಮಲಬದ್ಧತೆ ಇದ್ದರೆ ಚೀಲದ ಮೇಲೆ ಒತ್ತಡ ಬೀಳುತ್ತದೆ, ಅದಕ್ಕೆ ಬಸಳೆ, ಕುಚ್ಚಲಕ್ಕಿ ಗಂಜಿ.

ಆಮೇಲೆ ಕೀಗಲ್ ವ್ಯಾಯಾಮ, ಅಂದರೆ ಆ ಕೆಳಗಿನ ಸ್ನಾಯುವನ್ನು ಗಟ್ಟಿ ಮಾಡುವುದು. ಆರ್ನಾಲ್ಡ್ ಕೀಗಲ್ ಅನ್ನುವ ಅಮೆರಿಕದ ಡಾಕ್ಟರ್ 1948ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನಾನು ಮೊಬೈಲ್ ನೋಡಿ ಎರಡು ತಿಂಗಳು ಮಾಡಿದ್ದು ಪೂರ್ತಿ ತಪ್ಪು. ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಕೆಳಕ್ಕೆ ತಳ್ಳುತ್ತಿದ್ದೆ. ಮೂತ್ರ ಹೋಗುವಾಗ ಮಧ್ಯ ನಿಲ್ಲಿಸುವುದನ್ನೇ ವ್ಯಾಯಾಮ ಅಂದುಕೊಂಡಿದ್ದೆ, ಅದನ್ನು ಅಭ್ಯಾಸ ಮಾಡಬಾರದಂತೆ. ಸರಿಯಾಗಿ ಹೇಳಿಕೊಟ್ಟದ್ದು ಒಬ್ಬಳು ಫಿಸಿಯೋಥೆರಪಿಸ್ಟ್, ನನ್ನ ಮಗಳ ಪ್ರಾಯದ ಹುಡುಗಿ. "ಆಂಟೀ, ದೇವಸ್ಥಾನದ ಊಟದ ಕ್ಯೂನಲ್ಲಿ ನಿಂತಿದ್ದೀರಿ, ಗ್ಯಾಸ್ ಬರ್ತಾ ಉಂಟು, ಬಿಡುವ ಹಾಗಿಲ್ಲ. ಆಗ ಎಂತ ಮಾಡ್ತೀರಿ?" ನಕ್ಕು ನಕ್ಕು ಸುಸ್ತಾದೆ, ನಗುವಾಗ ಎರಡು ಹನಿಯೂ ಬಿತ್ತು. ಆದರೆ ಅರ್ಥ ಆಯಿತು. ಆ ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಎಳೆಯುವುದು. ಎಳೆದು ಹಿಡಿಯುವುದು, ಪೂರ್ತಿ ಬಿಡುವುದು. ಒಂದು ಹೊತ್ತಿಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆ ಅಂದರೆ ಮೂರು ತಿಂಗಳು. ಕೆಮ್ಮು ಬರುವ ಮೊದಲು, ಕೊಡಪಾನ ಎತ್ತುವ ಮೊದಲು ಒಂದು ಸಲ ಬಿಗಿ ಹಿಡಿಯುವುದು. ಈ ಸಣ್ಣ ಉಪಾಯದಿಂದಲೇ ನನ್ನ ಅರ್ಧ ಹನಿ ನಿಂತಿತು.

ಪಡುಬಿದ್ರಿಗೆ ಮಾತ್ರ ಬೇರೆ ಉಪಾಯ ಬೇಕಾಯಿತು. ಅವಸರ ಬಂದಾಗ ಓಡಬಾರದು. ಓಡಿದರೆ ಚೀಲ ಅಲುಗುತ್ತದೆ, ಮನಸ್ಸೂ ಹೆದರುತ್ತದೆ. ಇದ್ದಲ್ಲೇ ಇದ್ದು ಐದಾರು ಸಲ ಬೇಗ ಬೇಗ ಬಿಗಿ ಹಿಡಿದು ಬಿಡಬೇಕು. ನಮ್ಮ ಕಡಲಿನ ತೆರೆಯ ಹಾಗೆ ಅದು ಏರಿ ಇಳಿಯುತ್ತದೆ, ಇಳಿದ ಮೇಲೆ ನಡೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಮನಸ್ಸು ಬೇರೆ ಕಡೆ ಹೋಗಲಿ ಅಂತ ಸ್ಟಾಪ್‌ಗಳನ್ನು ಹಿಂದಿನಿಂದ ಎಣಿಸುತ್ತಿದ್ದೆ. ಕೊಟ್ಟಾರ, ಕುಳೂರು, ಪಣಂಬೂರು, ಬೈಕಂಪಾಡಿ, ಸುರತ್ಕಲ್, ಮುಕ್ಕ, ಹಳೆಯಂಗಡಿ. ಮನೆಯಲ್ಲಿ ಗಂಟೆಗೊಮ್ಮೆ ಹೋಗುತ್ತಿದ್ದವಳು ವಾರಕ್ಕೆ ಹದಿನೈದು ನಿಮಿಷ ಮುಂದೂಡುತ್ತಾ ಹೋದೆ. ಆರು ವಾರದ ಮೊದಲು ಏನೂ ಬದಲಾದ ಹಾಗೆ ಅನ್ನಿಸಲಿಲ್ಲ. ಹೊರಡುವ ಮೊದಲು "ಯಾವುದಕ್ಕೂ ಇರಲಿ" ಅಂತ ಸುಮ್ನೆ ಹೋಗುವ ಅಭ್ಯಾಸ ಬಿಡುವುದು ಎಲ್ಲದಕ್ಕಿಂತ ಕಷ್ಟ ಆಯಿತು, ಅದನ್ನು ಅಮ್ಮ ಸಣ್ಣದಿರುವಾಗಲೇ ಕಲಿಸಿದ್ದಲ್ವಾ.

ಇಷ್ಟಾದರೂ ಉರಿ, ಒಣಗಿದ ಹಾಗೆ ಆಗುವುದು ಹೋಗಲಿಲ್ಲ. ಇಲ್ಲಿ ಹಾರ್ಮೋನ್ ಮಾತು ಬಂತು.

ನಾನು ಕೇಳಿದ್ದೆ, ಮುಟ್ಟು ಇನ್ನೂ ಬರ್ತಾ ಉಂಟಲ್ಲ, ಈಗಲೇ ಯಾಕೆ ಅಂತ. ಮುಟ್ಟು ಪೂರ್ತಿ ನಿಲ್ಲುವ ಕೆಲವು ವರ್ಷ ಮೊದಲೇ ಎಸ್ಟ್ರೋಜೆನ್ ಏರಿಳಿಯಲು ಶುರುವಾಗುತ್ತದೆ. ಅದೇ ಪೆರಿಮೆನೊಪಾಸ್. ಎಸ್ಟ್ರೋಜೆನ್ ಬರೀ ಗರ್ಭಕೋಶಕ್ಕೆ ಬೇಕಾದದ್ದಲ್ಲ, ಯೋನಿ, ಮೂತ್ರನಾಳ, ಮೂತ್ರಚೀಲದ ಬುಡ ಎಲ್ಲ ಅದನ್ನು ನೆಚ್ಚಿಕೊಂಡಿವೆ. ಅದು ಕಡಿಮೆಯಾದರೆ ಆ ಜಾಗದ ಚರ್ಮ ತೆಳುವಾಗುತ್ತದೆ. ಅಲ್ಲಿ ಹುಳಿ ಮಾಡಿ ಕಾಪಾಡುವ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಜೀವಿಗಳಿರುತ್ತವೆ, ಹಾಲನ್ನು ಮೊಸರು ಮಾಡುವ ಬಳಗದವೇ. ಅವೂ ಕಡಿಮೆಯಾಗುತ್ತವೆ, ಹುಳಿ ಹೋದ ಮೇಲೆ ಸೋಂಕಿಗೆ ದಾರಿ ಸಲೀಸು. (ಇದು ಕೇಳಿ ಮೊಸರು ಹಚ್ಚಿದರೆ ಸಾಕಲ್ವಾ ಅಂದರು ನಮ್ಮ ಚಿಕ್ಕಮ್ಮ. ಸಾಕಾಗುವುದಿಲ್ಲ, ಹಚ್ಚಲೂಬಾರದು.) ಈ ತೊಂದರೆಗಳಿಗೆಲ್ಲ ಸೇರಿಸಿ 2014ರಲ್ಲಿ ಡಾಕ್ಟರುಗಳು ಜಿಎಸ್ಎಂ (ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೊಪಾಸ್) ಅಂತ ಹೆಸರು ಇಟ್ಟಿದ್ದಾರೆ.

ನಾನು ಹಾರ್ಮೋನ್ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆ. ಅಲ್ಲ. ಯೋನಿಯೊಳಗೆ ಹಚ್ಚುವ ಕ್ರೀಮ್ ಬೇರೆ, ಮೈಗೆಲ್ಲ ಹೋಗುವ ಮಾತ್ರೆ, ಜೆಲ್, ಪ್ಯಾಚ್ ಬೇರೆ. ಈ ಎರಡನ್ನು ಬೇರೆ ಬೇರೆ ಪ್ರಶ್ನೆಯಾಗಿ ಇಟ್ಟ ಮೇಲೆಯೇ ನನ್ನ ತಲೆ ತಿಳಿಯಾದದ್ದು.

ನನಗೆ ಬರೆದುಕೊಟ್ಟದ್ದು ಒಳಗೆ ಹಚ್ಚುವ ಎಸ್ಟ್ರಿಯೋಲ್ ಕ್ರೀಮ್, ಎಸ್ಟ್ರಿಯೋಲ್ ಅಂದರೆ ಎಸ್ಟ್ರೋಜೆನ್‌ನದ್ದೇ ಒಂದು ಬಗೆ. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಪೆಟ್ಟಿಗೆಯೊಳಗಿನ ಚೀಟಿ ಓದಿ ನಾಲ್ಕು ದಿನ ಮುಟ್ಟಲಿಲ್ಲ. ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಎಲ್ಲ ಇತ್ತು. ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು, ಆ ಎಚ್ಚರಿಕೆ ಹೆಚ್ಚಾಗಿ ಮೈಗೆಲ್ಲ ಹೋಗುವ ಹಾರ್ಮೋನಿನಿಂದ ಬಂದದ್ದು, ಈ ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೂ ಸ್ತನ ಕ್ಯಾನ್ಸರ್ ಆಗಿತ್ತಾ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಉಂಟಾ ಅಂತ ಮೊದಲೇ ಕೇಳಿದ್ದರು. ಅಂಥವರು ತಮ್ಮ ಡಾಕ್ಟರ್ ಹತ್ತಿರ ಕೂತು ಮಾತಾಡಿಯೇ ಮುಂದೆ ಹೋಗಬೇಕು, ಅಕ್ಕಪಕ್ಕದವರ ಟ್ಯೂಬ್ ತಂದು ಹಚ್ಚುವುದಲ್ಲ.

ಮೂರನೇ ವಾರಕ್ಕೆ ಉರಿ ಕಡಿಮೆ. ಎರಡೂವರೆ ತಿಂಗಳಿಗೆ ರಾತ್ರಿ ಮೂರು ಸಲ ಏಳುತ್ತಿದ್ದದ್ದು ಒಂದಕ್ಕೆ ಇಳಿಯಿತು. ನಡುವೆ ಮಗಳ ಪರೀಕ್ಷೆ ಗಡಿಬಿಡಿಯಲ್ಲಿ ಒಂದೂವರೆ ತಿಂಗಳು ಬಿಟ್ಟೆ, ಎಲ್ಲ ವಾಪಸ್ ಬಂತು. ಹಚ್ಚುವುದು ನಿಲ್ಲಿಸಿದರೆ ಗುಣವೂ ನಿಲ್ಲುವ ಮದ್ದು ಇದು. ಈಗ ಮಂಗಳವಾರ, ಶನಿವಾರ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.

ಮೈಗೆಲ್ಲ ಹೋಗುವ ಹಾರ್ಮೋನ್? ಬಿಸಿ ಏರುವುದು ನನಗೂ ಉಂಟು, ಕೌಂಟರಿನಲ್ಲಿ ಕೂತಲ್ಲೇ ಬೆವರುತ್ತೇನೆ. ಆದರೆ ಸೋರಿಕೆಗೆ ಅದು ಮದ್ದಲ್ಲ. ನುಂಗುವ ಎಸ್ಟ್ರೋಜೆನ್‌ನಿಂದ ಸೋರಿಕೆ ಜಾಸ್ತಿಯಾದದ್ದು ದೊಡ್ಡ ಅಧ್ಯಯನಗಳಲ್ಲೇ ಕಂಡಿದೆ, ಇದು ನನಗೆ ದೊಡ್ಡ ಆಶ್ಚರ್ಯ. ಎಲ್ಲರೂ ಹೆದರುವುದು 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೆ ನಿಲ್ಲಿಸಿದ ಅಧ್ಯಯನದಿಂದ. ಅದರಲ್ಲಿ ಎರಡು ಹಾರ್ಮೋನ್ (ಎಸ್ಟ್ರೋಜೆನ್, ಮತ್ತೆ ಪ್ರೊಜೆಸ್ಟೆರೋನ್ ಥರದ್ದು) ಸೇರಿಸಿ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಂದಿಗೆ ಸುಮಾರು 8 ಜಾಸ್ತಿ ಕಂಡಿತ್ತು. ಅವರ ಸರಾಸರಿ ವಯಸ್ಸು 63, ನನಗೆ 48. ಹಾಗಾಗಿ ಆ ಲೆಕ್ಕ ನನಗೆ ಹಾಗೆಯೇ ಹೊಂದುವುದಿಲ್ಲ, ಹಾಗಂತ ಸೊನ್ನೆಯೂ ಅಲ್ಲ. ಗರ್ಭಕೋಶ ಇರುವವರಿಗೆ ಮೈಗೆಲ್ಲ ಹೋಗುವ ಎಸ್ಟ್ರೋಜೆನ್ ಒಂದೇ ಕೊಡುವ ಹಾಗಿಲ್ಲ, ಪ್ರೊಜೆಸ್ಟೆರೋನ್ ಕೂಡ ಬೇಕು. ಚರ್ಮದ ಮೇಲೆ ಹಚ್ಚುವ ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಕಳೆದ ವರ್ಷ ಇದನ್ನೆಲ್ಲ ಕೇಳಿಕೊಂಡು, ನಿದ್ದೆ ಬರ್ತಾ ಉಂಟು, ಕೆಲಸ ನಡೀತಾ ಉಂಟು, ಸದ್ಯ ಬೇಡ ಅಂದೆ.

ಈಗ ನಾಲ್ಕು ತಿಂಗಳಿಂದ ಮುಟ್ಟು ಬಂದಿಲ್ಲ. ರಾತ್ರಿ ಎರಡು ಗಂಟೆಗೆ ಬೆವರಿ ಏಳುತ್ತೇನೆ, ಒಂದಕ್ಕಲ್ಲ, ನೈಟಿ ಬದಲಾಯಿಸಲು. ಮುಂದಿನ ತಿಂಗಳು ಡಾಕ್ಟರ್ ಹತ್ತಿರ ಹೋಗುವಾಗ ಜೆಲ್ ವಿಷಯ ಮತ್ತೆ ಎತ್ತುತ್ತೇನೆ. ಮ್ಯಾಮೋಗ್ರಾಮ್ ಮಾಡಿಸಿ ಇಟ್ಟುಕೊಂಡಿದ್ದೇನೆ, ಬಿಪಿ ಬರೆಯುತ್ತಿದ್ದೇನೆ, ಅದೇ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಬಸ್ಸಿನಲ್ಲಿ ಈಗ ಹೆಚ್ಚಿನ ದಿನ ಸುರತ್ಕಲ್‌ವರೆಗೆ ನಿದ್ದೆ.