ಹಿಂದಿನದರಿಂದ ಮುಂದಿನದು: ಇಂಥ ಶ್ರೇಢಿಯ ಲೆಕ್ಕ ಕಂಪ್ಯೂಟರಿನಲ್ಲಿ ಹೇಗೆ?

ಛಂದಸ್ಸಿನ ಪಾಠ ನೆನಪಿದೆಯಾ? ಲಘುವಿಗೆ 1 ಮಾತ್ರೆ, ಗುರುವಿಗೆ 2. ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲಕ್ಕೇ ಬೇರೂರಿದ್ದ ಕಂದಪದ್ಯ ನಡೆಯುವುದು 4 ಮಾತ್ರೆಯ ಗಣಗಳಲ್ಲಿ. ಅಂಥ ಗಣ ಎಷ್ಟು ಬಗೆ? ನಾಲ್ಕೂ ಲಘು, ಗುರು-ಲಘು-ಲಘು, ಲಘು-ಗುರು-ಲಘು, ಲಘು-ಲಘು-ಗುರು, ಗುರು-ಗುರು. ಒಟ್ಟು 5. ಹಾಗೆಯೇ 3 ಮಾತ್ರೆಗೆ 3 ಬಗೆ, 5 ಮಾತ್ರೆಗೆ 8.

ಗಣದ ಕೊನೆಗೆ ಲಘು ಇದ್ದರೆ ಅದರ ಹಿಂದೆ ಉಳಿಯುವುದು ಒಂದು ಮಾತ್ರೆ ಕಡಿಮೆಯ ಗಣ. ಗುರು ಇದ್ದರೆ ಎರಡು ಮಾತ್ರೆ ಕಡಿಮೆಯದು. ಅದಕ್ಕೇ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುತ್ತದೆ: 1, 2, 3, 5, 8, 13. ಫಿಬೊನಾಚಿ ಶ್ರೇಢಿ ಎಂದರೆ ಇದೇ. ಹಿಂದಿನದನ್ನು ಹಿಡಿದು ಮುಂದಿನದನ್ನು ಹೇಳುವ ಇಂಥ ನಿಯಮವೇ ರಿಕರ್ಷನ್.

ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಎಕ್ಸೆಲ್ ತೆರೆದು ಎ1ರಲ್ಲಿ 1, ಎ2ರಲ್ಲಿ 2 ಹಾಕಿ. ಎ3ರಲ್ಲಿ ಸಮ ಚಿಹ್ನೆ ಒತ್ತಿ, ಎ1 ಕ್ಲಿಕ್ ಮಾಡಿ, ಪ್ಲಸ್ ಒತ್ತಿ, ಎ2 ಕ್ಲಿಕ್ ಮಾಡಿ, ಎಂಟರ್. ಆ ಸೆಲ್ಲಿನ ಬಲಮೂಲೆಯ ಪುಟ್ಟ ಚೌಕ ಹಿಡಿದು ಕೆಳಗೆ ಎಳೆಯಿರಿ. ಅಷ್ಟೇ.

ಸಾಲದ ಲೆಕ್ಕವೂ ಹೀಗೇ. ತೊಗರಿ ಬಿತ್ತನೆಗೆ 1 ಲಕ್ಷ ರೂ. ಸಾಲ, ತಿಂಗಳಿಗೆ ಶೇ 1 ಬಡ್ಡಿ, 5,000 ರೂ. ಕಂತು ಎಂದುಕೊಳ್ಳಿ. ಬಿ1ರಲ್ಲಿ ಸಾಲ ಬರೆಯಿರಿ. ಬಿ2ರಲ್ಲಿ ಬಿ1 ಅನ್ನು 1.01ರಿಂದ ಗುಣಿಸಿ 5,000 ಕಳೆಯಿರಿ. 96,000 ಬರುತ್ತದೆ, ಕೆಳಗೆ ಎಳೆದರೆ ಬಿ3ರಲ್ಲಿ 91,960. 22 ಕಂತು ಕಟ್ಟಿದ ಮೇಲೆ ಸುಮಾರು 2,114 ರೂ. ಬಾಕಿ. ಸಾಲಕ್ಕೆ ಸಹಿ ಹಾಕುವ ಮೊದಲೇ ಇದನ್ನು ಮಾಡಿ ನೋಡುವುದು ಒಳ್ಳೆಯದು, ಅಲ್ವಾ?

ಆದರೆ ಎಕ್ಸೆಲ್ 15 ಅಂಕಿ ದಾಟಿದರೆ ನಂಬುವಂತಿಲ್ಲ. ಮಾತ್ರೆಯ ಶ್ರೇಢಿಯಲ್ಲಿ 73ನೇ ಸಾಲಿನ ನಿಜವಾದ ಸಂಖ್ಯೆ 1304969544928657. ಎಕ್ಸೆಲ್ ತೋರಿಸುವುದರಲ್ಲಿ ಕೊನೆಯ 657 ಇರಬೇಕಾದಲ್ಲಿ 660 ಇರುತ್ತದೆ. ತಪ್ಪಾಯಿತು ಅಂತ ಸೂಚನೆಯೂ ಬರುವುದಿಲ್ಲ!

ಅಲ್ಲಿಂದ ಮುಂದೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು. ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲಾಬ್‌ನಲ್ಲಿ ಉಚಿತ, ಮೊಬೈಲ್‌ನಲ್ಲೂ ನಡೆಯುತ್ತದೆ. ಸಂಖ್ಯೆ ಇಡುವ ಹೆಸರಿಗೆ, ಅಂದರೆ ವೇರಿಯೇಬಲ್‌ಗೆ ಕನ್ನಡ ಅಕ್ಷರವನ್ನೇ ಇಡಬಹುದು. ಮೊದಲ ಸಾಲು:

ಅ, ಆ = 1, 2

ಆಮೇಲೆ ಒಂದೇ ಕೆಲಸವನ್ನು ಹೇಳಿದಷ್ಟು ಸಲ ಮಾಡುವ ಫಾರ್ ಲೂಪಿನೊಳಗೆ ಇಷ್ಟೇ:

ಅ, ಆ = ಆ, ಅ + ಆ

ಲೂಪ್ 98 ಸಲ ತಿರುಗಿದರೆ ‘ಅ’ದಲ್ಲಿ 99ನೇ ಸಂಖ್ಯೆ ಇರುತ್ತದೆ: 354224848179261915075. 21 ಅಂಕಿ, ಒಂದೂ ತಪ್ಪಿಲ್ಲ.

ರಿಕರ್ಷನ್ ಅನ್ನು ನೇರವಾಗಿಯೂ ಬರೆಯಬಹುದು: ತನ್ನನ್ನೇ ಕರೆಯುವ ಫಂಕ್ಷನ್ (ಹೆಸರಿಟ್ಟ ಕೋಡಿನ ತುಣುಕು) ನೋಡಲು ಚೆಂದ, ಆದರೆ ಸುಮ್ನೆ ಬರೆದರೆ ಮಾಡಿದ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತದೆ. ಬರೀ 30ನೇ ಸಂಖ್ಯೆಗೆ 16,64,079 ಕರೆಗಳು! ಹಳೆಯ ಉತ್ತರ ನೆನಪಿಡುವ ಪೈಥಾನಿನ ಸೌಲಭ್ಯವಾದ ಎಲ್‌ಆರ್‌ಯು ಕ್ಯಾಶ್ ಸೇರಿಸಿದರೆ ಈ ಗೋಳು ತಪ್ಪುತ್ತದೆ. ಆದರೂ ನನ್ನ ಮತ ಲೂಪಿಗೇ.

ನಿಮ್ಮದೇ ನಿಯಮದಿಂದ ಶ್ರೇಢಿ ಕಟ್ಟಿದ್ದರೆ ಓಇಐಎಸ್ (OEIS) ಎಂಬ ಜಾಲತಾಣದಲ್ಲಿ ಹುಡುಕಿ. ಗಣಿತಜ್ಞ ನೀಲ್ ಸ್ಲೋನ್ 1964ರಲ್ಲಿ ಶುರು ಮಾಡಿದ ಶ್ರೇಢಿಗಳ ಸಂಗ್ರಹ ಅದು. ಫಿಬೊನಾಚಿಗೆ ಅಲ್ಲಿ ಎ000045 ಎಂಬ ನಂಬರ್. ನಾಲ್ಕೈದೇ ಸಂಖ್ಯೆ ಹಾಕಿದರೆ ಬೇಡದ ಶ್ರೇಢಿಗಳೂ ರಾಶಿ ಬೀಳುತ್ತವೆ. ಎಂಟು-ಹತ್ತು ಸಂಖ್ಯೆಗಳನ್ನು ನಡುವೆ ಅಲ್ಪವಿರಾಮ ಹಾಕಿ ಕೊಡಿ.