ಊರ ಹುಡೇದ ದೆವ್ವದ ಕಥೆ ಬರೆದಿಡೋದು ಹೇಗೆ?

ದೆವ್ವದ ಕಥೆ ಬೇಕೆಂದರೆ ಮಳಖೇಡ, ಶಹಾಪುರದ ಕೋಟೆಗೇ ಹೋಗಬೇಕೆಂದಿಲ್ಲ. ಕಲಬುರಗಿ ಜಿಲ್ಲೆಯ ನಮ್ಮ ಸೇಡಂ ಕಡೆ ಎಷ್ಟೋ ಹಳ್ಳಿಗಳಲ್ಲಿ ದುಂಡನೆಯ ಹಳೇ ಹುಡೇ, ಅಂದರೆ ಊರ ಕಾವಲಿನ ಬುರುಜು, ಇದೆ. ಬಹುತೇಕ ಅದಕ್ಕೊಂದು ದೆವ್ವವೂ ಇರುತ್ತದೆ.

ತೊಗರಿ ರಾಶಿ ಮುಗಿದ ಮೇಲೆ ಹೋಗಿ, ಆಗ ಜನ ಬಿಡುವಾಗಿರುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ. "ಇಲ್ಲಿ ದೆವ್ವ ಇದೆಯಾ?" ಅಂತ ಮಾತ್ರ ಕೇಳಬೇಡಿ. "ಏ, ಅವೆಲ್ಲ ಸುಳ್ಳರಿ" ಅಂದುಬಿಡುತ್ತಾರೆ, ಅಲ್ಲಿಗೆ ಮುಗೀತು. "ಕತ್ತಲಾದ ಮೇಲೆ ದನ ಈ ಹಾದೀಲಿ ಯಾಕೆ ಹೊಡೆಯಲ್ಲ?" ಅಂತ ಕೇಳಿ ನೋಡಿ.

ಒಬ್ಬರ ಹತ್ತಿರ ಕೇಳಿ ಎದ್ದು ಬರಬೇಡಿ. ನಮ್ಮೂರ ಹುಡೇದ ಬುಡದಲ್ಲಿ ಅಮಾವಾಸ್ಯೆ ರಾತ್ರಿ ಯಾರೋ ಎಲೆಗೆ ಸುಣ್ಣ ಕೇಳುತ್ತಾರಂತೆ. ಸೋದರತ್ತೆಯ ಪ್ರಕಾರ ಅದು ಹೆಣ್ಣು. "ಕೈಲಿಂದ ಕೊಡಬ್ಯಾಡ, ಕುಡುಗೋಲ ತುದಿಗಿ ಹಚ್ಚಿ ಕೊಡು" ಅನ್ನುತ್ತಾರೆ. ಕುರಿ ಕಾಯುವ ಅಜ್ಜನ ಕಥೆಯಲ್ಲಿ ಅದೇ ಜಾಗ, ಅದೇ ಸುಣ್ಣ, ಆದರೆ ಕೇಳುವವನು ಬಡ್ಡಿ ವಸೂಲಿಗೆ ಬಂದು ಸತ್ತ ರೋಹಿಲಾ, ಅಂದರೆ ಸಾಲ ಕೊಡುತ್ತಿದ್ದ ಪಠಾಣ. ಎರಡನ್ನೂ ಕಲಸಿ ಒಂದು ಮಾಡಬೇಡಿ. ಬೇರೆ ಬೇರೆಯಾಗಿಯೇ ಬರೆಯಿರಿ. ಅವರಿಗೆ ಯಾರು ಹೇಳಿದ್ದು ಅಂತಲೂ ಬರೆಯಿರಿ.

ಇಸವಿ ಕೇಳಿದರೆ ಎಲ್ಲವೂ "ನಿಜಾಮನ ಕಾಲದ್ದು"! ಅದರ ಬದಲು ನಿಜಾಮನ ಪರ ನಿಂತ ರಜಾಕಾರರ ಗದ್ದಲಕ್ಕಿಂತ ಮೊದಲೋ ಆಮೇಲೋ ಅಂತ ಕೇಳಿ. 1948ರ ಈಚೆಗೋ ಆಚೆಗೋ ಅನ್ನೋದು ತಿಳಿಯುತ್ತದೆ. 1972ರ ಬರವೂ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ.

ಹಗಲು ಹೊತ್ತಿನಲ್ಲಿ ಹುಡೇದ ಸುತ್ತ ಒಮ್ಮೆ ತಿರುಗಿ. ನಮ್ಮಲ್ಲಿ ಬಂದೂಕಿನ ಕಿಂಡಿಯ ಕೆಳಗೆ ಕಪ್ಪು ಉಂಡೆಗಳು ಬಿದ್ದಿದ್ದವು. ಒಡೆದರೆ ಒಳಗೆ ಇಲಿಯ ಸಣ್ಣ ಎಲುಬು, ಕೂದಲು. ಬಿಳಿ ಮುಖದ ಗೂಬೆ ಉಗುಳಿದ್ದು. ಈ ಗೂಬೆ ಹೂಂಕರಿಸುವುದಿಲ್ಲ, ಗಂಟಲು ಹರಿಯುವ ಹಾಗೆ ಕಿರುಚುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ, ಆದರೆ ಕಥೆ ಹೇಳುವವರ ಮುಂದೆ ಜಾಣತನ ತೋರಿಸಬೇಡಿ. ಮುಂದಿನ ಕಥೆ ಬಾಯಿಂದ ಹೊರಡಲ್ಲ.

ಕೊಪ್ಪರಿಗೆ ಹೊನ್ನಿನ ಮಾತು ಬಂದೇ ಬರುತ್ತದೆ. ಎಲ್ಲಿದೆ ಅಂದದ್ದನ್ನು ಮಾತ್ರ ಬರೆಯಬೇಡಿ. ನಿಧಿ ಹುಚ್ಚಿನವರು ಸುಮ್ನೆ ಬಿಡುವುದಿಲ್ಲ. ನಮ್ಮ ಹುಡೇದ ನೆಲ ಆಗಲೇ ಮೊಣಕಾಲುದ್ದ ಅಗೆದಿದೆ, ಗುಂಡಿಯಲ್ಲಿ ನಿಂಬೆಹಣ್ಣು, ಕುಂಕುಮ ಬಿದ್ದಿವೆ. ನಾನು "ಹುಡೇದ ಹತ್ತಿರ" ಅಂತಷ್ಟೇ ಬರೆದಿದ್ದೇನೆ.

ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸಿ. ಸೋದರತ್ತೆ ಪೂರ್ತಿ ಕೇಳಿ, "ರೋಹಿಲಾ ಗೀಹಿಲಾ ಏನಲ್ಲ, ಹೆಣ್ಣೇ ಅದ, ತಿದ್ದು" ಅಂದರು. ತಿದ್ದಲಿಲ್ಲ. ಆ ಮಾತನ್ನೂ ಕೆಳಗೆ ಸೇರಿಸಿದೆ.