ಕಾವಲಿಯ ಪಕ್ಕದಲ್ಲೊಂದು ಗಂಟೆ

ಕಳೆದ ತಿಂಗಳು, ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಹೋಟೆಲ್ ನಡೆಸುವ ನನ್ನ ಭಾವ ಫೋನ್ ಮಾಡಿ, "ನಿನ್ನ ಆ ಬಿಸಾಡಿದ್ದರ ಪುಸ್ತಕವನ್ನು ಒಂದು ವಾರಕ್ಕೆ ಕೊಡು, ನೋಡಿ ವಾಪಸ್ ಕೊಡುತ್ತೇನೆ" ಎಂದರು. ಮೂರು ವರ್ಷದ ಹಿಂದೆ ಇದೇ ಭಾವ ಚೆಂಬೂರಿನಲ್ಲಿ ನನ್ನ ಗಲ್ಲಾದ ಎದುರು ನಿಂತು, "ಹುಡುಗರ ಕೈಗೆ ಗಂಟೆ ಕೊಟ್ಟಿದ್ದೀಯಾ, ನಾಳೆ ಗಲ್ಲಾದ ಬೀಗದ ಕೈಯನ್ನೂ ಕೊಡು" ಎಂದು ರೇಗಿದ್ದರು. ಅಡುಗೆಮನೆಯಲ್ಲಿ ದಿನವೂ ಬಿಸಾಡಿದ್ದನ್ನು, ಆದ ತಪ್ಪನ್ನು ಬರೆದಿಡುವ ಪುಸ್ತಕ ಅದು. ಗಂಟೆ, ಹಿಟ್ಟು ಸರಿಯಿಲ್ಲ ಎನಿಸಿದಾಗ ಹುಡುಗರೇ ಬಾರಿಸುವುದು. ಅವರಿಗೆ ಪುಸ್ತಕ ಕಳಿಸಿದ್ದೇನೆ. ಕಸುಬಿನ ಉಳಿದವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ನಮ್ಮದು ಮೂರು ಹೋಟೆಲು: ಚೆಂಬೂರು, ಮುಲುಂಡ್, ಘಾಟ್‌ಕೋಪರ್. ಒಟ್ಟು ಅರುವತ್ತರ ಆಸುಪಾಸು ಕೆಲಸಗಾರರು. ನಾನು 1986ರಲ್ಲಿ ಕುಂದಾಪುರದ ಕಡೆಯಿಂದ ಬಂದಾಗ ಅಡುಗೆಮನೆಯಲ್ಲಿ ಕನ್ನಡ, ತುಳು, ಕೊಂಕಣಿ ಬಿಟ್ಟು ಬೇರೆ ಮಾತು ಕೇಳಿಸುತ್ತಿರಲಿಲ್ಲ. ಈಗ ಒಡಿಶಾ, ಉತ್ತರ ಪ್ರದೇಶ, ಅಸ್ಸಾಂ, ನೇಪಾಳದ ಹುಡುಗರೇ ಹೆಚ್ಚು. ಊರಿನ ಹುಡುಗನಾದರೆ ಅವನ ಮನೆ ನಮಗೆ ಗೊತ್ತು, ನಮ್ಮ ಮನೆ ಅವನಿಗೆ ಗೊತ್ತು, ಸಲಿಗೆ ತಾನಾಗಿ ಇರುತ್ತಿತ್ತು. ಆ ಸಲಿಗೆ ಹೋದ ಮೇಲೆ ಅಡುಗೆಮನೆ ಬಾಯಿ ಮುಚ್ಚಿತು. ತಪ್ಪಾದರೆ ಮುಚ್ಚಿಡುವುದು, ಕೇಳಿದರೆ "ಗೊತ್ತಿಲ್ಲ ಶೇಟ್" ಎನ್ನುವುದು. ವರ್ಷಕ್ಕೆ ಇಪ್ಪತ್ತೈದು ಮಂದಿಯಾದರೂ ಬಿಟ್ಟು ಹೋಗುತ್ತಿದ್ದರು.

ಮೊದಲು ಮಾಡಿದ್ದು ಸಲಹೆ ಪೆಟ್ಟಿಗೆ. ಮೂರು ತಿಂಗಳಲ್ಲಿ ಹನ್ನೊಂದು ಚೀಟಿ ಬಿದ್ದವು. ಏಳರಲ್ಲಿ ರೂಮಿನ ಫ್ಯಾನು ಮತ್ತು ಸಂಬಳದ ವಿಷಯ. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಫ್ಯಾನು ಹಾಕಿಸಿದೆ. ಆದರೆ ಬರೆಯಲು ಬಾರದವನಿಗೆ ಪೆಟ್ಟಿಗೆ ಇಟ್ಟು ಏನು ಫಲ?

ಎರಡನೆಯದು ಸಲಹೆಗಾರರು. ಸುಮಾರು ಒಂದು ಲಕ್ಷದ ಎಂಬತ್ತು ಸಾವಿರ ಹೋಯಿತು. ಗೋಡೆಗೆ ಫ್ರೇಮು ಹಾಕಿದ ಧ್ಯೇಯವಾಕ್ಯ ಬಂತು, ಬಣ್ಣದ ಟೀ ಶರ್ಟು ಬಂತು. ಮುಸುರೆ ತಿಕ್ಕುವಲ್ಲಿಗೆ ಅವರು ಒಂದು ದಿನವೂ ಬರಲಿಲ್ಲ.

ಮೂರನೆಯದು ನನ್ನದೇ ತಲೆಯಿಂದ ಬಂದದ್ದು, ಅದೇ ಎಲ್ಲಕ್ಕಿಂತ ದುಬಾರಿಯಾಯಿತು. ತಿಂಗಳಿಗೊಂದು ಒಳ್ಳೆಯ ಉಪಾಯಕ್ಕೆ ಐನೂರು ರೂಪಾಯಿ ಬಹುಮಾನ ಎಂದೆ. ಮೂರು ಸಲ ಗಲ್ಲಾದವನೇ ಗೆದ್ದ, ಏಕೆಂದರೆ ನನ್ನ ಪಕ್ಕ ಇರುವವನು ಅವನೇ. ಚಟ್ನಿಯ ತೆಂಗಿನಕಾಯಿ ಉಳಿಸುವ ಉಪಾಯ ತನ್ನದು ಎಂದು ಭಟ್ಟರು ಮುನಿಸಿಕೊಂಡರು. ಹದಿನಾಲ್ಕು ವರ್ಷ ನಮ್ಮಲ್ಲಿದ್ದವರು ಒಂದು ಬೆಳಿಗ್ಗೆ ಲೆಕ್ಕ ಮುಗಿಸಿ ಹೊರಟೇಹೋದರು. ಅವರ ಸಾಂಬಾರಿಗೆ ಒಗ್ಗಿದ ಗಿರಾಕಿಗಳು ಮೂರು ತಿಂಗಳು ಮುಖ ಸಿಂಡರಿಸಿದರು. ಆ ನಷ್ಟದ ಲೆಕ್ಕ ನಾನು ಬರೆದಿಡಲಿಲ್ಲ. ಬರೆದಿದ್ದರೆ ಸಲಹೆಗಾರರ ಹಣಕ್ಕಿಂತ ಹೆಚ್ಚೇ ಆಗುತ್ತಿತ್ತು. ಒಬ್ಬನಿಗೆ ಬಹುಮಾನ ಕೊಟ್ಟರೆ ಅಡುಗೆಮನೆ ಒಡೆಯುತ್ತದೆ ಎಂದು ಅಂದು ಕಲಿತೆ.

ಆಮೇಲೆ ಆರು ತಿಂಗಳು ಏನೂ ಮಾಡಲಿಲ್ಲ. ಆಗ ನೆನಪಾದದ್ದು ನನ್ನ ಹಳೆಯ ಧನಿಗಳು. ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗುವ ಹುಡುಗರನ್ನು ಸಂಜೆ ಆರಕ್ಕೆ ಬಿಡುವಾಗ ಅವರು, "ಇವತ್ತು ಏನು ಹಾಳಾಯಿತು, ಹೇಳಿ ಹೋಗು" ಎನ್ನುತ್ತಿದ್ದರು. ಹೇಳಿದರೆ ಬೈಗುಳವಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಬೈಗುಳ. ಅದನ್ನೇ ಎತ್ತಿಕೊಂಡೆ.

ಮಧ್ಯಾಹ್ನ ಮೂರೂವರೆಗೆ, ಊಟದ ಗಲಾಟೆ ಮುಗಿದು ಸಂಜೆಯ ಚಹಾದ ಗಿರಾಕಿ ಬರುವ ಮೊದಲು, ಇಪ್ಪತ್ತು ನಿಮಿಷ. ಎಲ್ಲರೂ ನಿಂತೇ ಚಹಾ ಕುಡಿಯುವುದು, ನಾನೂ ನಿಂತೇ. ಒಂದೇ ಪ್ರಶ್ನೆ: ಇವತ್ತು ಏನನ್ನು ಬಿಸಾಡಿದೆವು? ಬಿಸಾಡುವ ಬಕೆಟನ್ನು ತಕ್ಕಡಿಯ ಮೇಲಿಟ್ಟು ತೂಕವನ್ನು ಪುಸ್ತಕದಲ್ಲಿ ಬರೆಯುವುದು. ಒಪ್ಪಿಕೊಂಡ ತಪ್ಪಿಗೆ ಸಂಬಳ ಕಡಿತವಿಲ್ಲ. ತಟ್ಟೆ ಒಡೆದರೂ ಇಲ್ಲ. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ನಾನೇ ಹೇಳಿದೆ: "ಉದ್ದಿನ ಬೇಳೆಯ ದರ ಏರುತ್ತದೆ ಎಂದು ವಾಶಿ ಮಾರುಕಟ್ಟೆಯಿಂದ ಮುನ್ನೂರು ಕಿಲೋ ತಂದೆ, ದರ ಇಳಿಯಿತು, ಒಂಬತ್ತೋ ಹತ್ತೋ ಸಾವಿರ ಕಳೆದೆ." ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹದಿನೈದು ದಿನ ನನ್ನ ತಪ್ಪುಗಳದ್ದೇ ಪಟ್ಟಿ.

ಹದಿನಾರನೆಯದೋ ಹದಿನೇಳನೆಯದೋ ದಿನ ಮುಸುರೆಯ ಒಡಿಯಾ ಹುಡುಗ ಬಾಯಿ ತೆರೆದ. "ಶೇಟ್, ಚಟ್ನಿಯನ್ನು ಯಾರೂ ಬಿಡುವುದಿಲ್ಲ. ಸಾಂಬಾರು ಅರ್ಧ ಬಟ್ಟಲು ವಾಪಸ್ ಬರುತ್ತದೆ." ಮರುದಿನ ಅಳೆದು ನೋಡಿದರೆ ದಿನಕ್ಕೆ ಮೂವತ್ತೈದು ಲೀಟರ್ ಮೋರಿಗೆ ಹೋಗುತ್ತಿತ್ತು! ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮೊದಲು ಮೇಜಿಗೊಂದು ಜಗ್ ಇಟ್ಟೆವು. ಮಕ್ಕಳು ಚೆಲ್ಲಿದರು, ಸಾಂಬಾರು ಆರಿತು, ನಾಲ್ಕೇ ದಿನಕ್ಕೆ ತೆಗೆದೆವು. ಆಮೇಲೆ ಸಣ್ಣ ಬಟ್ಟಲು, ಜೊತೆಗೆ ಬಿಸಿ ಸಾಂಬಾರಿನ ಕೆಟಲ್ ಹಿಡಿದು ಸುತ್ತುವ ಒಬ್ಬ ಹುಡುಗ. ಬಡಿಸುವವರು ಗೊಣಗಿದರು, ಎಂಟು ದಿನ ಕಿಟಕಿ ಬದಿಯ ಆರು ಮೇಜುಗಳಲ್ಲಿ ಮಾತ್ರ ನಡೆಸಿ ತೋರಿಸಿದ ಮೇಲೆ ಒಪ್ಪಿದರು. ಈಗ ಮೋರಿಗೆ ಹೋಗುವುದು ಹನ್ನೆರಡು ಹದಿಮೂರು ಲೀಟರ್. ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ ಉಳಿತಾಯ. ಅರ್ಧವನ್ನು ಪ್ರತಿ ತಿಂಗಳ ಹತ್ತನೆಯ ತಾರೀಕು ಎಲ್ಲರಿಗೂ ಸಮನಾಗಿ ಹಂಚುತ್ತೇನೆ, ಭಟ್ಟರಿಗೂ ಮುಸುರೆಯವನಿಗೂ ಒಂದೇ ಪಾಲು. ಆ ಹುಡುಗನನ್ನು ದಿನಕ್ಕೆ ಇನ್ನೂರು ರೂಪಾಯಿ ಭತ್ಯೆ ಕೊಟ್ಟು ಒಂದು ವಾರ ಮುಲುಂಡಿಗೆ ಕಳಿಸಿದೆ, ಅಲ್ಲಿನವರಿಗೆ ಕಲಿಸಲು. ಹೋಗುವಾಗ ಅವನು ಹೊಸ ಅಂಗಿ ಹಾಕಿಕೊಂಡಿದ್ದ.

ಗಂಟೆಯ ಕತೆ ಬೇರೆ. ಪುಣೆಯ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಗೆಳೆಯನೊಬ್ಬ ಟೊಯೊಟಾದ ಪದ್ಧತಿ ಹೇಳಿದ: ಕಾರು ಜೋಡಿಸುವ ಸಾಲಿನಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆಯಬಹುದು, ಗೊತ್ತುಪಡಿಸಿದ ಹೊತ್ತಿನೊಳಗೆ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ನಾನು ದೇವಸ್ಥಾನದ ಅಂಗಡಿಯಿಂದ ಹಿತ್ತಾಳೆಯ ಗಂಟೆ ತಂದು ಕಾವಲಿಯ ಪಕ್ಕ ತೂಗುಹಾಕಿದೆ. ಹಿಟ್ಟು ಸರಿಯಿಲ್ಲ ಎನಿಸಿದರೆ ಬಾರಿಸು, ಯಾರನ್ನೂ ಕೇಳಬೇಡ ಎಂದೆ. ನಾಲ್ಕು ತಿಂಗಳು ಅದು ಸುಮ್ಮನೆ ತೂಗಾಡಿತು.

ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತು. ಹೊರಗೆ ಫುಟ್‌ಪಾತಿನವರೆಗೆ ಸಾಲು. ಗಂಟೆ ಬಾರಿಸಿತು. ಒಳಗೆ ಹೋದರೆ ಕಾವಲಿಯ ಹುಡುಗ ಬೆವರು ಒರೆಸಿಕೊಳ್ಳುತ್ತ ಮೂರು ದೋಸೆ ಎತ್ತಿ ತೋರಿಸಿದ. ಬಿಳಿಚಿಕೊಂಡಿದ್ದವು. ಎಷ್ಟು ಹೊತ್ತು ಬಿಟ್ಟರೂ ಹೊಂಬಣ್ಣ ಬರುತ್ತಿಲ್ಲ, ಮೂಗಿಗೆ ಹುಳಿ ಹೊಡೆಯುತ್ತಿತ್ತು. ಸಕ್ಕರೆ ಬೆರೆಸಿ ಬಣ್ಣ ಬರಿಸುವ ಉಪಾಯ ನಿಮಗೂ ಗೊತ್ತು, ಅವನಿಗೂ ಗೊತ್ತಿತ್ತು. ಅವನು ಬೆರೆಸಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಹೊರಗೆ ಹೋಗಿ, "ಇವತ್ತು ದೋಸೆ ಇಲ್ಲ, ಉಪ್ಪಿಟ್ಟು, ಪೂರಿ ಇದೆ" ಎಂದೆ. ಎರಡು ಗಂಟೆಯಲ್ಲಿ ಹದಿನಾಲ್ಕು ಸಾವಿರದಷ್ಟು ವ್ಯಾಪಾರ ಹೋಯಿತು. ಭಾವ ರೇಗಿದ್ದು ಅದೇ ದಿನ.

ಮೂರೂವರೆಯ ಚಹಾಕ್ಕೆ ಇನ್ನೊಬ್ಬ ಹುಡುಗ ಮುಂದೆ ಬಂದು, "ರಾತ್ರಿ ಹಿಟ್ಟಿಡುವ ತಣ್ಣನೆ ಕೋಣೆಯ ಬಾಗಿಲು ಪೂರ್ತಿ ಹಾಕಿರಲಿಲ್ಲ. ಆಲೂಗಡ್ಡೆ ಕ್ರೇಟ್ ಅಡ್ಡ ಇತ್ತು, ನಾನೇ ಇಟ್ಟಿದ್ದೆ" ಎಂದ. ಯಾರೂ ಅವನನ್ನು ಕೇಳಿರಲಿಲ್ಲ. ಸಂಬಳ ಕಡಿಯಲಿಲ್ಲ. ಮರುದಿನ ತೊಂಬತ್ತು ರೂಪಾಯಿಯ ಕೆಂಪು ಬಣ್ಣ ತಂದು ಅವನೇ ಬಾಗಿಲ ಮುಂದೆ ಗೆರೆ ಎಳೆದ. ಆ ಗೆರೆಯೊಳಗೆ ಕ್ರೇಟ್ ಇಡುವಂತಿಲ್ಲ. ಆ ವಾರ ಪುಸ್ತಕದಲ್ಲಿ ಹತ್ತೊಂಬತ್ತು ತಪ್ಪು ದಾಖಲಾದವು. ಅಷ್ಟು ಸಂತೋಷ ನನಗೆ ಮೂರನೆಯ ಹೋಟೆಲು ತೆರೆದ ದಿನವೂ ಆಗಿರಲಿಲ್ಲ.

ಬೇಸಗೆಯಲ್ಲಿ ಹಿಟ್ಟು ಹುಳಿಯಾಗದ ಹಾಗೆ ಭಟ್ಟರು ಎರಡು ಸಲ ರುಬ್ಬುವ ಕ್ರಮ ಕಂಡುಕೊಂಡದ್ದೂ ಇದರಿಂದಲೇ. ಹೌದು, ಅದೇ ಭಟ್ಟರು. ನಾನೇ ಬೈಂದೂರಿಗೆ ಹೋಗಿ ಕರೆತಂದೆ. ಉಪ್ಪು ಯಾವಾಗ, ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಸ್ವತ್ತು.

ಸೋತ ಪ್ರಯೋಗಗಳೂ ಇವೆ. ಪಾರ್ಸೆಲ್ ದೋಸೆ ಮೆತ್ತಗಾಗದಿರಲಿ ಎಂದು ತೂತಿರುವ ಡಬ್ಬಿ ಮಾಡಿಸಿದೆವು. ದೋಸೆ ತಣ್ಣಗಾಯಿತು, ಮೆತ್ತಗೂ ಆಯಿತು. ಎರಡು ಸಾವಿರ ಡಬ್ಬಿ ಇನ್ನೂ ಅಟ್ಟದಲ್ಲಿವೆ. ನೂರನಲವತ್ತು ತಿಂಡಿಗಳ ಪಟ್ಟಿಯನ್ನು ಎಪ್ಪತ್ತಕ್ಕೆ ಇಳಿಸಿದಾಗ ಎರಡು ತಿಂಗಳು ವ್ಯಾಪಾರ ಕುಸಿಯಿತು, ಅಣ್ಣ ಮಾತು ಬಿಟ್ಟ. ನೂಡಲ್ಸು, ಪನೀರಿನ ಹತ್ತಾರು ಬಗೆ ತೆಗೆದ ಜಾಗದಲ್ಲಿ ಬಂದದ್ದು ತರಕಾರಿ ಹೆಚ್ಚುವ ಮಾವಶಿಯ (ಮರಾಠಿಯಲ್ಲಿ ಚಿಕ್ಕಮ್ಮ) ಆಂಬೋಳಿ. ಅವರು ಸಿಂಧುದುರ್ಗದವರು. ನಮ್ಮ ಸೆಟ್ ದೋಸೆಯ ದಾಯಾದಿಯಂಥ ಅದನ್ನು ಕರಿ ಬಟಾಣಿಯ ಉಸಳಿನ (ಕಾಳಿನ ಗೊಜ್ಜು) ಜೊತೆ ಗುರುವಾರ ಮಾತ್ರ ಕೊಡುತ್ತೇವೆ. ಮೊದಲ ವಾರ ನಲವತ್ತು ತಟ್ಟೆ, ಈಗ ನೂರಿಪ್ಪತ್ತು. ಒಂಬತ್ತು ವರ್ಷ ನಮ್ಮಲ್ಲಿ ಈರುಳ್ಳಿ ಹೆಚ್ಚಿದ ಆಕೆಯನ್ನು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಅಕ್ಕಿ ಸಿಗದ ಯುದ್ಧಕಾಲದಲ್ಲಿ ಎಂಟಿಆರ್ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು ಎಂಬುದನ್ನು ಕೇಳಿ ಬೆಳೆದ ಕಸುಬು ನಮ್ಮದು. ಹೊಸ ತಿಂಡಿ ಯಾರ ಕೈಯಿಂದ ಬರುತ್ತದೆ ಎಂಬುದನ್ನು ನಾವು ಮರೆಯಬಾರದಿತ್ತು.

ಚೆಂಬೂರಿನಲ್ಲಿ ಸಾಮಾನಿನ ಖರ್ಚು ವ್ಯಾಪಾರದ ಶೇಕಡಾ ಮೂವತ್ತೆಂಟರಿಂದ ಮೂವತ್ತನಾಲ್ಕಕ್ಕೆ ಇಳಿದಿದೆ. ಕಳೆದ ವರ್ಷ ಮೂರೂ ಹೋಟೆಲಿನಿಂದ ಬಿಟ್ಟವರು ಎಂಟೋ ಒಂಬತ್ತೋ ಮಂದಿ. ಹೊಸಬರನ್ನು ಹೇಗೆ ಆರಿಸುತ್ತೇನೆ ಎಂದು ಭಾವ ಕೇಳಿದರು. ಅದನ್ನು ಅವರಿಗೂ ಹೇಳಿಲ್ಲ.

ಒಂದೇ ಚಿಂತೆ ಉಳಿದಿದೆ. ಮುಲುಂಡಿನಲ್ಲಿ ಎರಡು ತಿಂಗಳಿಂದ ಗಂಟೆ ಬಾರಿಸಿಲ್ಲ, ಪುಸ್ತಕದ ಪುಟಗಳೂ ಖಾಲಿ. ಅಲ್ಲಿ ಹೊಸ ಮ್ಯಾನೇಜರ್ ಬಂದಿದ್ದಾರೆ. ಸೋಮವಾರದಿಂದ ಹದಿನೈದು ದಿನ ನಾನು ಅಲ್ಲೇ ಇರುತ್ತೇನೆ, ಮೂರೂವರೆಯ ಚಹಾಕ್ಕೆ ನನ್ನ ತಪ್ಪುಗಳ ಪಟ್ಟಿ ಹಿಡಿದುಕೊಂಡು.